ಅಜ್ಜಿಯ ಏಕಾದಶಿಗೆ ಒಂದು ಹನಿ ಅಯೋಡಿನ್

ಮೊನ್ನೆ ಲೋಕಲ್ ರೈಲಿನಿಂದ ಇಳಿಯುವಾಗ ಮುಗ್ಗರಿಸಿ ಮೊಣಕಾಲು ತರಚಿಕೊಂಡೆ. ಡಾಕ್ಟರು ಗಾಯಕ್ಕೆ ಅಯೋಡಿನ್ ಹಚ್ಚಿದರು. ವಾಸನೆ ಮೂಗಿಗೆ ಬಡಿದದ್ದೇ ತಡ, ಉರಿಗಿಂತ ಮೊದಲು ನಾಚಿಕೆಯಾಯಿತು. ಯಾಕೆಂದು ಹೇಳುತ್ತೇನೆ, ನಗಬೇಡಿ.

ಐವತ್ತರ ದಶಕದಲ್ಲಿ ನಾವು ಮುಂಬಯಿಯ ಮಾಟುಂಗದ ಚಾಳೊಂದರಲ್ಲಿದ್ದೆವು. ಒಂದು ದಿನ ಶಾಲೆಯಲ್ಲಿ ಧಾರವಾಡದ ಮೇಷ್ಟ್ರು ಅನ್ನ, ಬಟಾಟೆಗಳ ಮೇಲೆ ಅಯೋಡಿನ್ ಹನಿಸಿದರು. ಎರಡೂ ಕಡುನೀಲಿಯಾದವು. "ಪಿಷ್ಟ ಇದ್ರ ಈ ಬಣ್ಣ ಬರ್ತದ. ತಿಳೀತೇನ್ರಲೇ?" ಎಂದರು. ಅದುವರೆಗೆ ಯಾವ ಪಾಠವೂ ತಿಳಿಯದಿದ್ದ ನನಗೆ ಇದು ತಿಳಿದುಬಿಟ್ಟಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ನಾನು ಮನೆಯ ಅಯೋಡಿನ್ ಸೀಸೆ ಹಿಡಿದೆ. ಅಪ್ಪನ ಗಂಜಿ ಹಾಕಿದ ಕಾಲರಿನಲ್ಲೂ ಪಿಷ್ಟ ಕಂಡುಹಿಡಿದು ಏಟು ತಿಂದೆ. ಬುದ್ಧಿ ಬರಲಿಲ್ಲ.

ಅಜ್ಜಿ ಉಡುಪಿ ಕಡೆಯವರು. ಏಕಾದಶಿಯಂದು ಅನ್ನದ ಅಗುಳು ಮುಟ್ಟುತ್ತಿರಲಿಲ್ಲ. ಒಮ್ಮೆ ನಿಟ್ಟುಪವಾಸದಲ್ಲಿ ತಲೆ ತಿರುಗಿ ಬಿದ್ದ ಮೇಲೆ, ಪಕ್ಕದ ಮನೆಯ ಸಿಂಧೂತಾಯಿ ಸಬ್ಬಕ್ಕಿಯಿಂದ ಮಾಡುವ ಸಾಬುದಾಣೆ ಖಿಚಡಿ ಕಲಿಸಿದ್ದರು; ಮರಾಠಿಗರಲ್ಲಿ ಉಪವಾಸಕ್ಕೆ ಅದು ನಡೆಯುತ್ತದೆ. ಅಂದಿನಿಂದ ಏಕಾದಶಿ ಬಂದರೆ ಅಜ್ಜಿ ಮಾಡುವುದು, ಅವರೂ ಸಿಂಧೂತಾಯಿಯೂ ಚಾಳಿನ ಗ್ಯಾಲರಿಯಲ್ಲಿ ಕೂತು ತಿನ್ನುವುದು.

ಹಾಗೆ ಕೂತಿದ್ದಾಗಲೇ ಅಜ್ಜಿಯ ತಟ್ಟೆಗೆ ಒಂದು ಹನಿ ಬಿಟ್ಟೆ. ಖಿಚಡಿ ಕಪ್ಪಾಯಿತು.

"ಅಜ್ಜೀ, ಅನ್ನದಲ್ಲಿ ಇದ್ದದ್ದೇ ಇದರಲ್ಲೂ ಉಂಟು! ನಿಮ್ಮ ಏಕಾದಶಿ ಕೆಟ್ಟಿತು!"

ಅಜ್ಜಿ ತಟ್ಟೆ ಕೆಳಗಿಟ್ಟರು. ತಾನೇ ವ್ರತ ಕೆಡಿಸಿದೆನೆಂಬಂತೆ ಸಿಂಧೂತಾಯಿ ಎದ್ದುಹೋದರು. ನಾನು ಮಾತ್ರ ಸೀಸೆಗೆ ಬಿರಡೆ ಹಾಕುತ್ತ ಮೇಷ್ಟ್ರು ಕೇಳಿದರೆ ಎಷ್ಟು ಹೊಗಳಿಯಾರು ಎಂದು ಲೆಕ್ಕ ಹಾಕುತ್ತಿದ್ದೆ.

ಮುಂದಿನ ಏಕಾದಶಿಗೆ ಒಲೆ ಹೊತ್ತಲಿಲ್ಲ. ಸಿಂಧೂತಾಯಿಯೂ ಬರಲಿಲ್ಲ. ಮಧ್ಯಾಹ್ನ ಅಜ್ಜಿ ನಲ್ಲಿಯ ಹತ್ತಿರ ಗೋಡೆ ಹಿಡಿದು ಕುಸಿದು ಕೂತದ್ದನ್ನು ಕಂಡು ಓಡಿಹೋದೆ.

"ಅಜ್ಜೀ, ನಾನು ಮಾಡಿದ್ದು ತಪ್ಪಂತೆ. ಔಷಧ ಹಳತಾಗಿತ್ತಂತೆ. ಸಾಬುದಾಣೆಯಲ್ಲಿ ಎಂತದ್ದೂ ಇಲ್ಲ ಅಂತ ಮೇಷ್ಟ್ರು ಹೇಳಿದ್ರು."

ಅಜ್ಜಿ ನನ್ನ ಮುಖವನ್ನೇ ನೋಡಿದರು. "ಏಕಾದಶಿ ದಿನ ಸುಳ್ಳು ಹೇಳ್ಬಾರ್ದು ಮಾಣಿ," ಎಂದರು. ಆಮೇಲೆ ನನ್ನ ಹೆಗಲು ಹಿಡಿದು ಮೆಲ್ಲನೆ ಎದ್ದರು. "ಸಾಬುದಾಣೆ ನೆನೆಹಾಕ್ತೇನೆ. ನೀನು ಹೋಗಿ ಸಿಂಧೂನ ಕರ್ಕೊಂಡು ಬಾ. ಅವಳಿಗೂ ಇದನ್ನೇ ಹೇಳು."

ಹೋಗಿ ಹೇಳಿದೆ. ಅಷ್ಟು ಮನಸ್ಸಿಟ್ಟು ನಾನು ಯಾವ ಪಾಠವನ್ನೂ ಒಪ್ಪಿಸಿರಲಿಲ್ಲ.

ನಿನ್ನೆ ಸೊಸೆ ಉಪವಾಸದ ಖಿಚಡಿ ಬಡಿಸಿಕೊಂಡು ಕೂತಿದ್ದಳು. ಶಾಲೆಗೆ ಹೋಗುವ ಮೊಮ್ಮಗಳು ಓಡಿ ಬಂದು, "ಅಜ್ಜ, ಸಾಬುದಾಣಾ ಪೂರಾ ಸ್ಟಾರ್ಚ್ ಅಲ್ವಾ?" ಎಂದು ಕೇಳಿದಳು.

"ಹೌದು ಮಗಾ," ಎಂದೆ ಅವಳ ಕಿವಿಯಲ್ಲಿ. "ಅಮ್ಮ ತಿಂದು ಏಳಲಿ, ಆಮೇಲೆ ಹೇಳು."