ಹೊಗೆಸೊಪ್ಪಿನ ಬಣ್ಣದ ಪ್ಲೇಯರ್

ಹಳೆಯ ಕಂಪ್ಯೂಟರ್‌ಗಳಲ್ಲಿ ಹಾಡು ಕೇಳುತ್ತಿದ್ದ ಪುಟ್ಟ ಪ್ಲೇಯರ್‌ಗಳ ಮಾತು ಬಂದರೆ ನನ್ನ ವಯಸ್ಸಿನವರ ಮುಖ ಅರಳುತ್ತದೆ. ಪರದೆಯ ಮೂಲೆಯಲ್ಲಿ ಬೆಂಕಿಪೊಟ್ಟಣದಂತೆ ಕೂರುತ್ತಿದ್ದ ಪೆಟ್ಟಿಗೆ, ಹಾಡಿನ ಏರಿಳಿತಕ್ಕೆ ಕುಣಿಯುತ್ತಿದ್ದ ಹಸಿರು ಕಡ್ಡಿಗಳು, ಕೆಳಗೆ ಹಾಡುಗಳ ಪಟ್ಟಿ. ಎಲ್ಲಕ್ಕಿಂತ ಮಿಗಿಲಾಗಿ ಅದರ ಸ್ಕಿನ್. ಬೇಸರವಾದರೆ ಆ ಪೆಟ್ಟಿಗೆಯ ಅಂಗಿಯನ್ನೇ ಬದಲಿಸಬಹುದಿತ್ತು. ಮರದ ರೇಡಿಯೋ ಥರ, ಕಾರಿನ ಡ್ಯಾಶ್‌ಬೋರ್ಡ್ ಥರ, ಯಾವುದೋ ಗ್ರಹದ ಯಂತ್ರದ ಥರ. ಈಗಿನ ಫೋನುಗಳಲ್ಲಿ ಯಾರೋ ಕೊಟ್ಟ ರೂಪವನ್ನೇ ಎಲ್ಲರೂ ನೋಡಬೇಕು. ಆಗ ಹಾಗಿರಲಿಲ್ಲ ಎಂದು ಅವರು ಹೇಳುವಾಗ ನಾನೂ ತಲೆಯಾಡಿಸುತ್ತೇನೆ. ಆದರೆ ಯಾರಾದರೂ ಹಳೆಯ ಸ್ಕಿನ್ ಒಂದನ್ನು ತೆರೆದು ತೋರಿಸಿದರೆ ನನ್ನ ಕಣ್ಣು ತಾನಾಗಿ ನಿಲ್ಲಿಸುವ ಗುಂಡಿಯನ್ನು ಹುಡುಕುತ್ತದೆ. ಸಿಗುವವರೆಗೂ ಉಸಿರು ಸರಿಯಾಗಿ ಬರುವುದಿಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಹುಣಸೂರಿನ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಓದುತ್ತಿದ್ದೆ. ನನ್ನ ಜೊತೆ ಬೆಂಚಿನಲ್ಲಿ ಕೂರುತ್ತಿದ್ದವನು ಬೆಟ್ಟದಪುರದ ಹತ್ತಿರದ ಒಂದು ಹಳ್ಳಿಯವನು. ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ ಬಂದ ವರ್ಷ ಅವನ ಅಪ್ಪ ಮೈಸೂರಿನಿಂದ ಒಂದು ಹಳೆಯ ಕಂಪ್ಯೂಟರ್ ತಂದುಕೊಟ್ಟಿದ್ದರು. ಊರಿಗೆ ಅದೊಂದೇ. ಹುಣಸೂರು ಬಸ್ ಸ್ಟ್ಯಾಂಡಿನ ಬಳಿಯ ಕಂಪ್ಯೂಟರ್ ಸೆಂಟರಿನಿಂದ ಸ್ಕಿನ್‌ಗಳು ತುಂಬಿದ ಸಿ.ಡಿ. ತಂದು ಭಾನುವಾರಗಳಲ್ಲಿ ನಾವು ಒಂದೊಂದನ್ನೇ ಹಾಕಿ ನೋಡುತ್ತಿದ್ದೆವು. ಎಲ್ಲ ಮುಗಿದ ಮೇಲೆ ಅವನು ತನ್ನದೇ ಒಂದು ಮಾಡಲು ಹೊರಟ.

ಒಂದೊಂದು ಗುಂಡಿಯೂ ಒಂದು ಸಣ್ಣ ಚಿತ್ರ. ಕಂಪ್ಯೂಟರಿನ ಪೇಂಟ್ ಪ್ರೋಗ್ರಾಮಿನಲ್ಲಿ ತೆರೆದು ಚುಕ್ಕಿ ಚುಕ್ಕಿಯಾಗಿ ತಿದ್ದಿ ಮತ್ತೆ ಕಟ್ಟಿಟ್ಟರೆ ಪ್ಲೇಯರ್ ಹೊಸ ರೂಪ ತಾಳುತ್ತಿತ್ತು. ಅವನು ಪೆಟ್ಟಿಗೆಗೆ ಸೊಪ್ಪಿನ ಬೇಲು ಕಟ್ಟುವ ಗೋಣಿಯ ಬಣ್ಣ ಬಳಿದ. ಗುಂಡಿಗಳನ್ನೆಲ್ಲ ಎಲೆಗಳನ್ನಾಗಿ ಮಾಡಿದ. ಬ್ಯಾರನ್ ಎಂಬ ಒಲೆಮನೆಯಲ್ಲಿ ಬೇಯಿಸಿ ತೆಗೆದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುತ್ತಾರಲ್ಲ, ಅದೇ ಬಣ್ಣಗಳು. ನಿಂಬೆಹಳದಿ ಎಲೆ ಒತ್ತಿದರೆ ಹಾಡು ಶುರು, ಕಿತ್ತಳೆಯದು ಒತ್ತಿದರೆ ಮುಂದಿನ ಹಾಡು, ಕಂದು ಬಣ್ಣದ್ದು ಒತ್ತಿದರೆ ನಿಲ್ಲುತ್ತದೆ. ತ್ರಿಕೋನ, ಚೌಕದ ಗುರುತುಗಳನ್ನು ಅಳಿಸಿಬಿಟ್ಟಿದ್ದ.

"ಗುರ್ತು ಇಲ್ದೆ ಎಂಗ್ಲಾ ಗೊತ್ತಾಗದು?" ಅಂದೆ.

"ನೀನು ಕೆ.ಆರ್. ನಗರದ ಗದ್ದೆಯೋನು, ನಿಂಗೆ ಗೊತ್ತಾಗಕಿಲ್ಲ ಬುಡು. ನಮ್ಮನೇಲಿ ಸೊಪ್ಪು ಮುಟ್ಟುದ್ರೆ ಸಾಕು, ಯಾವ ಗ್ರೇಡು ಅಂತ ಹೇಳ್ತೀವಿ."

ಬಾಗಿಲಲ್ಲಿ ನಿಂತು ಇಣುಕಿದ ಅವನ ಅವ್ವ ನಕ್ಕರು. "ಸೊಪ್ಪಿಂದ ತಪ್ಪಿಸ್ಕೊಳ್ಲಿ ಅಂತ ಕಾಲೇಜ್‌ಗೆ ಕಳ್ಸುದ್ರೆ, ಟಿ.ವಿ. ಒಳ್ಗೂ ಸೊಪ್ಪೇ ವಿಂಗಡಿಸ್ತಾ ಕೂತವ್ನಲ್ಲ ಮಗ ಇವ್ನು!"

ಅದು ಸಂಕ್ರಾಂತಿ ಕಳೆದ ಮೇಲಿನ ಒಂದು ಮಧ್ಯಾಹ್ನ. ನೆಲ ಒಣಗಿ ಬಿರುಕು ಬಿಟ್ಟಿತ್ತು. ಅಂಗಳದ ಚಪ್ಪರದಡಿ ಅವ್ವ ಮತ್ತು ಪಕ್ಕದ ಮನೆಯ ಹೆಂಗಸು ಸೊಪ್ಪು ವಿಂಗಡಿಸುತ್ತಿದ್ದರು. ಅವರಿಗೂ ಕೇಳಲೆಂದು ಅವನು ಆಂಪ್ಲಿಫಯರಿಗೆ ವೈರು ಕೊಟ್ಟು ಸ್ಪೀಕರನ್ನು ಕಿಟಕಿಯಲ್ಲಿಟ್ಟಿದ್ದ. ಆ ಕಿಟಕಿಯ ಮುಂದೆಯೇ ಕಂಪ್ಯೂಟರ್ ಮೇಜು. ಪರದೆಯ ಮೇಲಿಂದ ಕಣ್ಣೆತ್ತಿದರೆ ಅಂಗಳ ಕಾಣುತ್ತಿತ್ತು, ಅಂಗಳದ ಅಂಚಿನಲ್ಲಿ ಅರ್ಥಿಂಗ್ ಪೈಪು ಕಾಣುತ್ತಿತ್ತು.

ಆ ಪೈಪಿನ ವಿಷಯ ಹೇಳಬೇಕು. ಕಂಬದಿಂದ ಮನೆಗೆ ಬರುವ ಎರಡು ತಂತಿಗಳಲ್ಲಿ ಕರೆಂಟು ವಾಪಸು ಹೋಗುವ ನ್ಯೂಟ್ರಲ್ ತಂತಿ ಆ ವಾರ ಕಡಿದುಹೋಗಿತ್ತು. ಲೈನ್‌ಮ್ಯಾನ್ ಇನ್ನೂ ಬಂದಿರಲಿಲ್ಲ. ಅಂಥ ಹೊತ್ತಿನಲ್ಲಿ ಆ ಬೀದಿಯವರು ನೆಲದಲ್ಲಿ ಹೂತ ಅರ್ಥಿಂಗ್ ಪೈಪಿಗೆ ಒಂದು ವೈರು ಸುತ್ತಿ, ಅದನ್ನೇ ನ್ಯೂಟ್ರಲ್ ಮಾಡಿಕೊಳ್ಳುತ್ತಿದ್ದರು. ಮನೆಯೊಳಗೆ ಓಡುವ ಕರೆಂಟೆಲ್ಲ ಆ ಪೈಪಿನ ಮೂಲಕವೇ ನೆಲಕ್ಕಿಳಿಯುತ್ತಿತ್ತು. ನೆಲ ಒಣಗಿ ಕರೆಂಟು ಇಳಿದರೆ ಪೈಪಿನ ಬಾಯಿಗೆ ನೀರು ಹುಯ್ಯುತ್ತಿದ್ದರು. ಮಣ್ಣು ನೆನೆಯುತ್ತಲೇ ಮಂಕಾದ ಬಲ್ಬು ಮತ್ತೆ ಹೊಳೆಯುತ್ತಿತ್ತು. ಗಿಡಕ್ಕೆ ನೀರು ಹಾಕುವಷ್ಟೇ ಸಹಜವಾದ ಕೆಲಸ ಅದು. ನಾವಿಬ್ಬರೂ ಫಿಸಿಕ್ಸ್ ಓದುತ್ತಿದ್ದವರು, ನಮಗೂ ಅದರಲ್ಲಿ ಏನೂ ಅನ್ನಿಸಿರಲಿಲ್ಲ.

ಆ ಎಲೆಗುಂಡಿಗಳ ಪ್ಲೇಯರಿನಲ್ಲಿ ಅವನು ಹಾಕಿದ್ದ ಹಾಡು ಅರ್ಧಕ್ಕೆ ಬಂದಿರಬೇಕು. ಸ್ಟೆಬಿಲೈಸರ್ ಟಕ್ ಟಕ್ ಎನ್ನತೊಡಗಿತು. ಪರದೆಯ ಚಿತ್ರ ನಾಲ್ಕೂ ಕಡೆಯಿಂದ ಒಳಕ್ಕೆ ಕುಗ್ಗಿತು. ದನಿ ಗೊರಗೊರ ಆಯಿತು.

"ಅವ್ವಾ, ಪೈಪ್‌ಗೆ ವಸಿ ನೀರು ಉಯ್ಯವ್ವಾ!" ಎಂದು ಅವನು ಕೂಗಿದ.

"ನಿನ್ ಹಾಡ್‌ಗೂ ಬಾಯಾರಿಕೆಯೇನ್ಲಾ?" ಎಂದು ಅವ್ವ ಎದ್ದರು. ಎಂದಿನ ಪ್ಲಾಸ್ಟಿಕ್ ಕೊಡ ಕೈಗೆ ಸಿಗಲಿಲ್ಲವೇನೋ, ಸ್ಟೀಲ್ ಬಿಂದಿಗೆ ಎತ್ತಿಕೊಂಡರು. ಬರಿಗಾಲಲ್ಲಿ ಹೋಗಿ, ಬಗ್ಗಿ, ನೀರು ಚೆಲ್ಲದಿರಲೆಂದು ಬಿಂದಿಗೆಯ ಕಂಠವನ್ನು ಪೈಪಿನ ಬಾಯಿಗೆ ಒರಗಿಸಿದರು.

ಆಗ ನಾನು ಪರದೆ ನೋಡುತ್ತಿದ್ದೆ. ಕುಗ್ಗಿದ್ದ ಚಿತ್ರ ಹಿಗ್ಗಿ ಗಾಜಿನ ಅಂಚು ಮುಟ್ಟಿತು. ಹಸಿರು ಕಡ್ಡಿಗಳು ನೆಗೆದವು. ಹಾಡು ಸ್ವಚ್ಛವಾಯಿತು. "ಬಂತು ನೋಡ್ಲಾ!" ಎಂದು ಅವನು ನನ್ನ ಬೆನ್ನಿಗೆ ಹೊಡೆದ. ನಾನು ನಗುತ್ತಲೇ ತಲೆಯೆತ್ತಿದೆ.

ಅವ್ವ ಬಗ್ಗಿದಂತೆಯೇ ಇದ್ದರು. ಬಿಂದಿಗೆ ಖಾಲಿಯಾಗಿತ್ತು, ಆದರೂ ಎರಡು ಕೈಯಲ್ಲೂ ಹಿಡಿದೇ ಇದ್ದರು. ಕೆಸರಾದ ಮಣ್ಣಿನಲ್ಲಿ ಪಾದದ ಬೆರಳುಗಳು ಮುದುಡಿದ್ದವು. ಮೈ ಸಣ್ಣಗೆ, ಒಂದೇ ಸಮನೆ ಅದುರುತ್ತಿತ್ತು. ಬಾಯಿ ತೆರೆದಿತ್ತು. ದನಿ ಇರಲಿಲ್ಲ, ಹಾಡು ಮಾತ್ರ ಇತ್ತು.

ಪಕ್ಕದ ಮನೆಯ ಹೆಂಗಸು "ಅಯ್ಯೋ ಅಕ್ಕಾ!" ಎಂದು ಮೇಲೆದ್ದರು. "ಮುಟ್ಬೇಡಿ! ಮುಟ್ಬೇಡಿ!" ಎಂದು ನಾನು ಕಿಟಕಿಯಿಂದ ಅರಚಿದೆ. ಅವರು ಚಾಚಿದ ಕೈ ಹಾಗೇ ನಿಂತಿತು. ಅದಾದ ಮೇಲೆ ನಾನು ಗೆಳೆಯನ ಕಡೆ ತಿರುಗಿದೆ.

ನನ್ನ ಗೆಳೆಯ ಮೌಸ್ ಹಿಡಿದಿದ್ದ. ಅದನ್ನೇ ನಾನು ಇಂದಿಗೂ ಮತ್ತೆ ಮತ್ತೆ ನೋಡುತ್ತಿರುವುದು. ಕಂಪ್ಯೂಟರ್, ಆಂಪ್ಲಿಫಯರ್ ಎರಡರ ಪ್ಲಗ್ ಅವನ ಮೊಣಕಾಲ ಪಕ್ಕದಲ್ಲೇ ಇತ್ತು, ಅದನ್ನು ಕಿತ್ತರೆ ಪೈಪಿಗಿಳಿಯುವ ಕರೆಂಟೂ ನಿಲ್ಲುತ್ತಿತ್ತು. ಹಾಡು ನಿಂತರೆ ಕರೆಂಟು ನಿಲ್ಲುವುದಿಲ್ಲ ಎನ್ನುವುದು ಅವನಿಗೆ ಗೊತ್ತಿರದ ಸಂಗತಿಯಲ್ಲ. ಆದರೆ ಅವನ ಕೈಗೆ ಆ ಕ್ಷಣದಲ್ಲಿ ಗೊತ್ತಿದ್ದದ್ದು ಒಂದೇ, ನಿಲ್ಲಿಸಬೇಕು. ಪರದೆಯ ಮೇಲೆ ಮೌಸಿನ ಬಾಣ ಎಲೆಯಿಂದ ಎಲೆಗೆ ಅಲೆಯಿತು. ಕಂದು ಯಾವುದು, ಕಿತ್ತಳೆ ಯಾವುದು? ಅಂಗಳದ ಬಿಸಿಲು ನೋಡಿದ ಕಣ್ಣಿಗೆ ಪರದೆಯ ಎಲ್ಲ ಎಲೆಗಳೂ ಒಂದೇ ಬಣ್ಣವಾಗಿದ್ದವು. ಅವನು ಒಂದನ್ನು ಒತ್ತಿದ. ಹಾಡು ನಿಂತಿತು. ಕೂಡಲೇ ಮುಂದಿನ ಹಾಡು ಡೋಲಿನ ಅಬ್ಬರದೊಂದಿಗೆ ಶುರುವಾಯಿತು. ಹೊರಗೆ ಅವ್ವ ಅದುರುತ್ತಲೇ ಇದ್ದರು. ಅವನು ಇನ್ನೊಂದು ಎಲೆ ಒತ್ತಿದ. ಮತ್ತೊಂದು.

ಆಮೇಲೆ ಅವನ ಗಂಟಲಿನಿಂದ ಎಂಥದೋ ಸದ್ದು ಬಂತು. ಮೌಸ್ ಬಿಸಾಕಿ ಬಗ್ಗಿ ಗೋಡೆಯ ಪ್ಲಗ್ಗನ್ನು ವೈರಿನ ಸಮೇತ ಕಿತ್ತೆಳೆದ. ಪರದೆ ಒಂದು ಚುಕ್ಕಿಯಾಗಿ ಆರಿತು. ಹೊರಗೆ ಬಿಂದಿಗೆ ಠಣ್ ಎಂದು ಬಿತ್ತು, ಅದರ ಮೇಲೆ ಅವ್ವ ಬಿದ್ದರು.

ಪಕ್ಕದ ಮನೆಯವರ ವ್ಯಾನಿನಲ್ಲಿ ಪಿರಿಯಾಪಟ್ಟಣಕ್ಕೆ ಹೋದೆವು. ದಾರಿಯುದ್ದಕ್ಕೂ ಅವನು ಅವ್ವನ ಮೂಗಿನ ಬಳಿ ಬೆರಳಿಟ್ಟುಕೊಂಡು ಕೂತಿದ್ದ. ರಸ್ತೆ ಕುಲುಕಿದಾಗೆಲ್ಲ ಬೆರಳು ಜರುಗುತ್ತಿತ್ತು. ಆಗೆಲ್ಲ "ಐತಾ? ಐತಾ?" ಎಂದು ನನ್ನನ್ನು ಕೇಳುತ್ತಿದ್ದ. ನನಗೂ ಗೊತ್ತಾಗುತ್ತಿರಲಿಲ್ಲ. "ಐತೆ ಕಣ್ಲಾ" ಎನ್ನುತ್ತಿದ್ದೆ.

ಉಸಿರು ಇತ್ತು. ಸಂಜೆ ಹೊತ್ತಿಗೆ ಅವ್ವ ಕಣ್ಣು ಬಿಟ್ಟು ನೀರು ಕೇಳಿದರು. ಅಂಗೈ ಎರಡಕ್ಕೂ ಬಟ್ಟೆ ಸುತ್ತಿದ್ದರಿಂದ ಅವನೇ ಲೋಟ ಹಿಡಿದು ಕುಡಿಸಿದ. ಡಾಕ್ಟರು ಎದೆಗೆ ಏನೂ ಆಗಿಲ್ಲ, ಆದರೆ ಬೆರಳುಗಳು ಮೊದಲಿನಂತೆ ಆಗಲು ಸಮಯ ಬೇಕು ಎಂದು ಹೇಳಿ ಹೋದರು. ಅವ್ವ ಮಗನ ಮುಖವನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ, ಕುತೂಹಲವಿತ್ತು.

"ಎಲ್ಲಾ ಕಾಣ್ತಿತ್ತು ಕಣ್ಲಾ ನಂಗೆ. ಕೂಗಕ್ಕೆ ಆಗ್ನಿಲ್ಲ ಅಷ್ಟೇ. ಕಿಟ್ಕೀಲಿ ನಿನ್ ಮಖ ಕಾಣ್ತಿತ್ತು. ನನ್ ಕಡೆ ನೋಡ್ದೆ, ಆಮೇಕೆ ಬಗ್ಗಿ ಆ ಪೆಟ್ಗೇಲಿ ಏನೋ ಹುಡುಕ್ತಾ ಇದ್ದೆ. ಏನ್ಲಾ ಅದು?"

ಅವನು ಲೋಟ ಕೆಳಗಿಟ್ಟ. ಕಂದು ಎಲೆ ಎಂದು ಹೇಗೆ ಹೇಳುವುದು?

"ಏನೂ ಇಲ್ಲ ಕಣವ್ವ" ಅಂದ. ಆಮೇಲೆ ಅವರ ಬಟ್ಟೆ ಸುತ್ತಿದ ಕೈಯನ್ನು ತನ್ನ ಎರಡು ಕೈಯಲ್ಲಿ, ಒತ್ತದಂತೆ, ಎತ್ತಿ ಹಿಡಿದುಕೊಂಡು ಕೂತ.