ಅತ್ತೆಗೆ ನೂರಾ ಎರಡು ಜ್ವರ

ನಾಗಪುರದ ಚಳಿಗಾಲ ಮೈಗೆ ಬಲು ಒಳ್ಳೆಯದು. ನಾನು ಪಾಠ ಮಾಡುವ ನರ್ಸಿಂಗ್ ಕಾಲೇಜಿಗೆ ಮಾತ್ರ ಅಷ್ಟೇ ಕೆಟ್ಟದ್ದು. ಮಳೆಗಾಲದಲ್ಲಿ ಡೆಂಗಿ, ಮಲೇರಿಯಾ ಅಂತ ನಮ್ಮ ಕಾಲೇಜಿನ ಆಸ್ಪತ್ರೆಯಲ್ಲಿ ಮಂಚ ಸಿಗುವುದಿಲ್ಲ. ಜನವರಿ ಬಂತೆಂದರೆ ವಾರ್ಡಿನಲ್ಲಿ ಒಂದು ಕೆಮ್ಮೂ ಕೇಳಿಸದು. ಮಾನ್ಯತೆಯ ತಪಾಸಣೆಗೆ ಸಾಹೇಬರು ಬರುವುದು ಆ ಜನವರಿಯಲ್ಲೇ.

ನಿಯಮ ಸರಳ. ಮಾನ್ಯತೆ ಉಳಿಯಬೇಕಾದರೆ ಮಂಚಗಳು ಮುಕ್ಕಾಲು ಭಾಗ ತುಂಬಿರಬೇಕು. ಮಾನ್ಯತೆ ಹೋದರೆ ನಮ್ಮಲ್ಲಿ ಓದಿದವರಿಗೆ ನೋಂದಣಿ ಇಲ್ಲ, ನೋಂದಣಿ ಇಲ್ಲದವರನ್ನು ಯಾವ ಆಸ್ಪತ್ರೆಯೂ ಒಳಗೆ ಬಿಟ್ಟುಕೊಳ್ಳದು. ನಿಯಮ ಮಾಡಿದವರನ್ನು ಬೈಯಲಾರೆ. ರೋಗಿಯ ಮುಖವನ್ನೇ ನೋಡದೆ ನರ್ಸ್ ಆಗುವುದುಂಟೇ? ಆದರೆ ನಾಗಪುರದ ಅಂಚಿನ ವಾಡಿಯ ಗೋದಾಮುಗಳ ನಡುವೆ ಸಿಕ್ಕಿಕೊಂಡ ನಮ್ಮಂಥ ಪುಟ್ಟ ಕಾಲೇಜು, ಸುತ್ತಲಿನ ಜನ ಗಟ್ಟಿಮುಟ್ಟಾಗಿದ್ದರೆ ಏನು ಮಾಡಬೇಕು? ಅದನ್ನು ಯಾರೂ ಬರೆದಿರಲಿಲ್ಲ.

ನಮ್ಮ ಪ್ರಿನ್ಸಿಪಾಲರಿಗೆ ಗೊತ್ತಿತ್ತು. ಸಿಬ್ಬಂದಿಯಲ್ಲಿ ಪ್ರತಿಯೊಬ್ಬರೂ ಮನೆಯಿಂದ ಒಬ್ಬರನ್ನು ತಂದು ಮಲಗಿಸಬೇಕು. ಹಿಂದಿನ ಸಲ ನನ್ನ ಗಂಡ ಹರ್ನಿಯಾ ರೋಗಿಯಾಗಿ ಮಧ್ಯಾಹ್ನದವರೆಗೆ ಗೊರಕೆ ಹೊಡೆದು ಎಲ್ಲರ ಮೆಚ್ಚುಗೆ ಗಳಿಸಿದ್ದರು. ಈ ಸಲ ಅವರಿಗೆ ರಜೆ ಸಿಗಲಿಲ್ಲ. ಬಜಾಜ್ ನಗರದ ನಮ್ಮ ಮನೆಯಲ್ಲಿ ಉಳಿದವರೆಂದರೆ ಅತ್ತೆ.

ಅತ್ತೆ ವಿಜಯಪುರದವರು. ನಲವತ್ತು ವರ್ಷದಿಂದ ಇಲ್ಲಿದ್ದು, ಸಂತೆಯಲ್ಲಿ ಮರಾಠಿಯವರನ್ನೇ ಮರಾಠಿಯಲ್ಲಿ ಸೋಲಿಸುತ್ತಾರೆ. ಸಿಟ್ಟು ಬಂದರೆ ಮಾತ್ರ ಕನ್ನಡವೇ ಬರುತ್ತದೆ.

“ನನಗ ಏನ್ ರೋಗ ಹಚ್ಚೀದಿ?” ಎಂದು ಕೇಳಿದರು.

“ಬರೇ ಜ್ವರ ರೀ ಅತ್ತಿ, ನೂರಾ ಎರಡು.”

“ಇರ್ಲಿ ತಗೋ. ದೊಡ್ಡ ರೋಗ ಬರದು ಅಪಶಕುನ ಮಾಡಬ್ಯಾಡ.”

ತಮ್ಮದೇ ಹಾಸಿಗೆ ಹೊದಿಕೆ, ತಮ್ಮದೇ ಚಹಾದ ಫ್ಲಾಸ್ಕು ತಂದು ಮಲಗಿದರು. ಪಕ್ಕದ ಮಂಚದ ಮೂತ್ರಪಿಂಡದ ಕಲ್ಲು, ಅಂದರೆ ನಮ್ಮ ಗುಮಾಸ್ತರ ಅಕ್ಕ, ಅರ್ಧ ಗಂಟೆಯಲ್ಲಿ ಜೀವದ ಗೆಳತಿಯಾದರು. ಇಬ್ಬರೂ ಸೊಸೆಯಂದಿರ ಗುಣಗಾನಕ್ಕೆ ಇಳಿದಾಗ ನಾನೇ ಹೋಗಿ, “ಸ್ವಲ್ಪ ನರಳ್ರೀ” ಎಂದು ಕೈಮುಗಿದೆ. ಅತ್ತೆ ನರಳಿದರು, ಚೆನ್ನಾಗಿಯೇ ನರಳಿದರು.

ಆ ಮಂಚದ ಜವಾಬ್ದಾರಿ ಕೊನೆಯ ವರ್ಷದ ಒಬ್ಬ ಹುಡುಗಿಯದು. ಅಪ್ಪ ಹಿಂಗಣಾದ ಕಾರ್ಖಾನೆಯಲ್ಲಿ ಕೂಲಿ. ನೋಂದಣಿ ಸಿಕ್ಕರೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಕೊಡುತ್ತೇವೆಂದು ಮಾತು ಕೊಟ್ಟಿದ್ದರು. ಮನೆಯವರೆಲ್ಲ ಅದನ್ನೇ ಕಾಯುತ್ತಿದ್ದರು. ಯಾರು ನಿಜವಾದ ರೋಗಿ, ಯಾರು ನಮ್ಮ ಮನೆಯವರು ಎಂದು ವಿದ್ಯಾರ್ಥಿಗಳಿಗೆ ನಾವು ಹೇಳುತ್ತಿರಲಿಲ್ಲ. ಎಲ್ಲಿ ಬಾಯಿಬಿಟ್ಟಾರೋ ಎಂಬ ಹೆದರಿಕೆ.

ಬೆಳಿಗ್ಗೆ ಚಾರ್ಟಿನಲ್ಲಿ ನಾನೇ ನೂರಾ ಎರಡು ಎಂದು ಬರೆದಿಟ್ಟಿದ್ದೆ. ಹುಡುಗಿ ಅದನ್ನೇ ನಕಲು ಮಾಡಿದ್ದರೆ ಮುಗಿದಿತ್ತು. ಆದರೆ ಅಳೆಯದೆ ಏನನ್ನೂ ಬರೆಯಬೇಡಿ ಎಂದು ಅವಳಿಗೆ ಮೂರು ವರ್ಷ ಬಡಿದುಕೊಂಡವಳೂ ನಾನೇ. ಅವಳು ಅಳೆದಳು. ತೊಂಬತ್ತೆಂಟು ಎಂದು ಬರೆದಳು.

ಸಾಹೇಬರು ಚಾರ್ಟಿನ ಮುಂದೆ ನಿಂತರು. ಹತ್ತು ನಿಮಿಷದ ಅಂತರದಲ್ಲಿ ಎರಡು ಲೆಕ್ಕ. ಅತ್ತೆಯ ಹಣೆ ಒಮ್ಮೆ ಮುಟ್ಟಿದ್ದರೆ ಸಾಕಿತ್ತು, ಆದರೆ ಅವರ ನಮೂನೆಯಲ್ಲಿ ಹಣೆ ಮುಟ್ಟುವ ಕಾಲಂ ಇರಲಿಲ್ಲ. “ಇದರಲ್ಲಿ ಯಾವುದು ಖರೆ?” ಎಂದು ಮರಾಠಿಯಲ್ಲಿ ಕೇಳಿದರು. ಹುಡುಗಿ ನನ್ನ ಮುಖ ನೋಡಿದಳು. ನಾನು ಅತ್ತೆಯ ಹೊದಿಕೆ ಸರಿಮಾಡತೊಡಗಿದೆ.

ಅತ್ತೆಗೆ ತಡೆಯಲಾಗಲಿಲ್ಲ. ಎದ್ದು ಕೂತು ಕನ್ನಡದಲ್ಲಿ ನನಗೇ ಬಾರಿಸಿದರು: “ಆ ಕೂಸು ಬರದದ್ದು ಬರೋಬರ್ ಐತಿ! ತಪ್ಪು ಬರದಾಕಿ ನೀನು. ಹೇಳು ಅವರಿಗೆ!”

ಸಾಹೇಬರು ನನ್ನತ್ತ ತಿರುಗಿದರು. “ಆಜಿ ಏನಂತಾರೆ?”

ಹೇಳಿದರೆ ಕಾಲೇಜು ಹೋಗುತ್ತಿತ್ತು, ಅದರ ಜೊತೆ ಅವಳ ನೋಂದಣಿಯೂ. ಹಾಗಂತ ನಾನು ಲೆಕ್ಕ ಹಾಕಿ ಮಾತಾಡಿದೆ ಅಂದರೆ ಸುಳ್ಳಾಗುತ್ತದೆ. ಹೆದರಿದ್ದೆ, ಅಷ್ಟೇ. “ಜ್ವರದಲ್ಲಿ ಮೈಯೆಲ್ಲ ಸುಡುತ್ತಿದೆ ಅಂತಾರೆ ಸರ್” ಎಂದು ಅನುವಾದಿಸಿದೆ.

ಸಾಹೇಬರು ಹುಡುಗಿಗೆ, “ಕೊನೆಯ ವರ್ಷ ಬಂದರೂ ಥರ್ಮಾಮೀಟರ್ ಇಡಲು ಬರುವುದಿಲ್ಲವೇ?” ಎಂದರು. ಅವಳು “ಸಾರಿ ಸರ್” ಎಂದು, ತಾನು ಬರೆದದ್ದನ್ನು ಹೊಡೆದುಹಾಕಿ ನೂರಾ ಎರಡು ಎಂದು ಬರೆದಳು. ಅತ್ತೆ ಆ ರಾತ್ರಿ ನನ್ನ ಕೈಯ ರೊಟ್ಟಿ ತಿನ್ನಲಿಲ್ಲ.

ಮಾನ್ಯತೆ ಬಂತು. ಪರೀಕ್ಷೆ ಮುಗಿದು ಹುಡುಗಿಗೆ ನೋಂದಣಿಯೂ ಆಯಿತು, ಕೆಲಸವೂ ಸಿಕ್ಕಿತು. ಕೆಲಸಕ್ಕೆ ಸೇರಿ ಎರಡು ತಿಂಗಳ ಮೇಲೆ ಒಂದು ಭಾನುವಾರ ಪೇಡೆಯ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದಳು. ಬಾಗಿಲು ತೆಗೆದವರು ಅತ್ತೆ.

ಅವಳು ಅವರನ್ನು ನೋಡಿದಳು, ಆಮೇಲೆ ಒಳಗಿನಿಂದ ಬಂದ ನನ್ನನ್ನು ನೋಡಿದಳು. ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು: “ಮೇಡಂ, ಆವತ್ತು ಆಜಿ ನಿಜವಾಗಿ ಏನಂದಿದ್ದರು?”

ಈ ಸಲ ಸರಿಯಾಗಿ ಅನುವಾದಿಸಿದೆ. ನೀನು ಬರೆದದ್ದೇ ಸರಿ, ತಪ್ಪು ನನ್ನದು ಅಂದಿದ್ದರು ಎಂದೆ.

“ನನ್ನ ಕೈಯಲ್ಲೇ ಏನೋ ದೋಷ ಇದೆ ಅಂದ್ಕೊಂಡಿದ್ದೆ. ಈಗಲೂ ಪ್ರತಿ ರೋಗಿಗೂ ಎರಡೆರಡು ಸಲ ಥರ್ಮಾಮೀಟರ್ ಇಡ್ತೀನಿ ಮೇಡಂ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನಾನು ಬದುಕುತ್ತಿದ್ದೆ.

ಡಬ್ಬಿ ತೆರೆದು ಅತ್ತೆಯ ಬಾಯಿಗೆ ಪೇಡೆ ಇಟ್ಟು, ಅವರ ಕಾಲು ಮುಟ್ಟಿ ನಮಸ್ಕರಿಸಿದಳು. ನನಗೆ ಡಬ್ಬಿಯನ್ನು ಕೈಗೆ ಕೊಟ್ಟಳು.