ಹೊಸಬಳ ನಗು

ಕತ್ತರಿ ಅಕ್ಕ ಎಂದರೆ ಆ ಹೊಲಿಗೆ ಅಂಗಡಿಯಲ್ಲಿ ಎಲ್ಲರಿಗೂ ಒಂದಿಷ್ಟು ಭಯ. ಇಪ್ಪತ್ತೆರಡು ವರ್ಷ ಕೋಟು ಕತ್ತರಿಸಿ ಪಳಗಿದ ಕೈ. ಗಿರಾಕಿ ಬಾಗಿಲು ದಾಟುವಾಗಲೇ ಅವನ ಹೆಗಲಿನ ಅಳತೆ ಹೇಳಿಬಿಡುತ್ತಿದ್ದಳು. ಮುಖ ನೋಡಿ ಮನಸ್ಸನ್ನೂ ಅಳೆಯಬಲ್ಲೆ ಎಂಬ ಜಂಬ ಬೇರೆ. ಗಂಡ ಮಾತ್ರ, "ನನಗೆ ಹಸಿವಾಗಿದೆ ಅಂತ ಒಂದಿನನಾದ್ರೂ ಗೊತ್ತಾಗಿದೆಯಾ?" ಎಂದು ಕಾಲೆಳೆಯುತ್ತಿದ್ದ.

ಕಟಿಂಗ್ ಮಾಸ್ಟರ್ ಕೆಲಸ ಬಿಡುವವರಿದ್ದರು. ಕಿಟಕಿ ಪಕ್ಕದ ಅವರ ಮೇಜು ತನಗೇ ಎಂದು ಅಕ್ಕ ನಂಬಿದ್ದಳು. ಅಷ್ಟರಲ್ಲಿ ಹೊಸಬಳೊಬ್ಬಳು ಕೆಲಸಕ್ಕೆ ಸೇರಿದಳು. ಚುರುಕು ಕೈ, ಸದಾ ನಗುಮುಖ. ಯಜಮಾನರು ಒಮ್ಮೆ "ಭೇಷ್" ಎಂದರು, ಅಷ್ಟೇ. ಅಕ್ಕನ ಹೊಟ್ಟೆಗೆ ಕಿಚ್ಚು ಬಿತ್ತು. ಅಂದಿನಿಂದ ಹುಡುಗಿ ನಕ್ಕರೆ ಅಣಕ, ಸುಮ್ಮನಿದ್ದರೆ ಕೊಬ್ಬು, "ಊಟ ಆಯ್ತಾ ಅಕ್ಕಾ?" ಎಂದರೆ ನಾಟಕ.

ಒಂದು ದಿನ ಮಖಮಲ್ ಕೋಟಿನ ಕೆಲಸ ಹೊಸಬಳ ಪಾಲಿಗೆ ಬಂತು. ಮಖಮಲ್ಲಿನ ಮೈಮೇಲಿನ ನವಿರಾದ ಎಳೆಗಳು ಎಲ್ಲ ತುಂಡುಗಳಲ್ಲೂ ಒಂದೇ ದಿಕ್ಕಿಗೆ ಮಲಗಿರಬೇಕು. ಒಂದು ತುಂಡು ತಿರುಗಿದರೂ ಅದರ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಬಟ್ಟೆಗೆ ಸೀಮೆಸುಣ್ಣದ ಗುರುತು ಹಾಕಿ ಹುಡುಗಿ ನಗುತ್ತಾ ಕರೆದಳು.

"ಅಕ್ಕಾ, ಒಂಚೂರು ನೋಡಿ. ಕತ್ತರಿ ಹಾಕ್ಲಾ?"

ಎಡಭಾಗದ ಗುರುತು ತಲೆಕೆಳಗಾಗಿರುವುದು ಅಕ್ಕನಿಗೆ ಒಂದೇ ನೋಟಕ್ಕೆ ಕಂಡಿತು. ಜೊತೆಗೆ ಆ ನಗುವೂ ಕಂಡಿತು. ಮೆರೆಯೋಕೆ ಕರೀತಾಳೆ ನೋಡು ಎಂದು ಮೈಯೆಲ್ಲ ಉರಿಯಿತು.

"ಸರಿಯಾಗೇ ಇದೆ, ಹಾಕು," ಎಂದಳು.

ಕೋಟು ಸಿದ್ಧವಾಯಿತು. ಗಿರಾಕಿ ಅದನ್ನು ತೊಟ್ಟು ಬೆಳಕಿಗೆ ನಿಂತರೆ ಎದೆಯ ಒಂದು ಪಕ್ಕ ಕಡುಗಪ್ಪು, ಇನ್ನೊಂದು ಪಕ್ಕ ಬೂದುಬಣ್ಣ. ಯಜಮಾನರು ಕೆಂಡಾಮಂಡಲವಾದರು.

"ಯಾರು ಕತ್ತರಿಸಿದ್ದು ಇದನ್ನ?"

"ನಾನೇ ಸರ್," ಎಂದಳು ಹುಡುಗಿ. "ಆದ್ರೆ ಅಕ್ಕ ನೋಡಿದ್ರು. ಅವ್ರ ಕಣ್ಣು ತಪ್ಪೋದಿಲ್ಲ. ಬಟ್ಟೆಯಲ್ಲೇ ಏನೋ ದೋಷ ಇರ್ಬೇಕು. ಅವ್ರನ್ನ ಕೇಳ್ದೆ ನಾನು ಕತ್ತರಿ ಮುಟ್ಟೋದೇ ಇಲ್ಲ, ಕೈ ನಡುಗತ್ತೆ."

ಹೇಳುತ್ತಾ ಅದೇ ನಗು ನಕ್ಕಳು. ತುಟಿ ಅದುರುತ್ತಿತ್ತು, ಕಣ್ಣಲ್ಲಿ ನೀರಿತ್ತು.

ಅಕ್ಕ ಆ ಮುಖದಲ್ಲಿ ಅಣಕವನ್ನು ಹುಡುಕಿದಳು. ಈಗ ಅದು ಸಿಕ್ಕಿದ್ದರೆ ಎಷ್ಟು ಹಾಯೆನಿಸುತ್ತಿತ್ತು! ಸಿಗಲಿಲ್ಲ. ಯಜಮಾನರು ಬಟ್ಟೆ ಮಾರಿದವನಿಗೆ ಬೈಯಲು ಆಗಲೇ ಫೋನ್ ಎತ್ತಿದ್ದರು.

"ಬಟ್ಟೆ ಸರಿಯಾಗೇ ಇದೆ ಸರ್," ಎಂದಳು ಅಕ್ಕ. "ಎಡಭಾಗದ ಗುರುತೇ ತಲೆಕೆಳಗಾಗಿತ್ತು."

ಹುಡುಗಿ ಅವಳತ್ತ ತಿರುಗಿದಳು. ನಗು ಮಾಯವಾಗಿತ್ತು.

"ಅವತ್ತೇ ಗೊತ್ತಿತ್ತಾ ಅಕ್ಕಾ?"